ಹೂಳೆತ್ತಿ, ಆದರೆ ಕೆರೆಯ ಅಂಗಳ ಮುಟ್ಟಬೇಡಿ

ಮಾನ್ಯ ಸಂಪಾದಕರೇ,

ನಮ್ಮ ಕಡೆಯ ಸಣ್ಣ ಕೆರೆಗಳ ಹೂಳೆತ್ತುವ ಕೆಲಸ ಈ ಬೇಸಿಗೆಯಲ್ಲಿ ಮತ್ತೆ ಶುರುವಾಗಲಿದೆ ಎಂದು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಸಂತೋಷಪಡಬೇಕಾದ ಸುದ್ದಿಯೇ. ಆದರೆ ಓದಿ ಮುಗಿಸಿ, ಕೈಯಲ್ಲಿದ್ದ ಚಾ ಆರಿಹೋಗುವವರೆಗೂ ಸುಮ್ನೆ ಕೂತುಬಿಟ್ಟೆ. ಯಾಕೆಂದರೆ ಹಿಂದಿನ ಸಲ ನಮ್ಮೂರ ಕೆರೆಗೆ ಏನಾಯಿತು ಎಂಬುದನ್ನು ಕಣ್ಣಾರೆ ಕಂಡವನು ನಾನು.

ನಾನು ಸುರಪುರ ತಾಲ್ಲೂಕಿನವನು. 1982ರಲ್ಲಿ ಅಂಚೆ ಕೆಲಸಕ್ಕೆ ಸೇರಿ 38 ವರ್ಷ ಹಳ್ಳಿಗಳಿಗೆ ಕಾಗದ ಹಂಚಿದೆ. ಒಂದು ಸೈಕಲ್ಲು, ಒಂದು ಚೀಲ, ಆರು ಹಳ್ಳಿ, ನಾಲ್ಕು ಕೆರೆ. ಕೆರೆಯ ಲೆಕ್ಕ ಯಾಕೆ ಹೇಳುತ್ತೇನೆಂದರೆ, ಮಳೆಗಾಲದಲ್ಲಿ ಕರಿ ಮಣ್ಣಿನ ಎರಿ ಹೊಲದ ದಾರಿಯಲ್ಲಿ ಸೈಕಲ್ಲು ಹೋಗುವುದಿಲ್ಲ. ಚಕ್ರಕ್ಕೆ ಮಣ್ಣು ಮೆತ್ತಿಕೊಂಡು, ಕಡೆಗೆ ನಾವೇ ಸೈಕಲ್ಲನ್ನು ಹೊರಬೇಕಾಗುತ್ತದೆ. ಹಾಗಾಗಿ ನನ್ನ ದಾರಿಯೆಲ್ಲ ಕೆರೆ ಏರಿಯ ಮೇಲೆಯೇ. ಹಕ್ಕಿ ನೋಡಬೇಕೆಂದು ಹೋದವನಲ್ಲ ನಾನು. ದಾರಿಯಲ್ಲಿ ಇದ್ದವು, ನೋಡಿದೆ.

ಮೊದಮೊದಲು ಎಲ್ಲವೂ ನನಗೆ ಕೊಕ್ಕರೆ ಅಥವಾ ಬಾತು, ಅಷ್ಟೇ. ನಾಲ್ಕಾರು ಚಳಿಗಾಲ ಕಳೆದ ಮೇಲೆ ಒಂದೊಂದೇ ಬೇರೆ ಬೇರೆಯಾಗಿ ಕಾಣತೊಡಗಿದವು. ಪ್ರತಿ ಹಳ್ಳಿಯಲ್ಲಿ ಯಾರಿಗೆ ಮನಿ ಆರ್ಡರ್ ಬರುತ್ತದೆ, ಯಾರಿಗೆ ಕೋರ್ಟಿನ ಕಾಗದ ಬರುತ್ತದೆ ಎಂದು ಗೊತ್ತಾಗುವ ಹಾಗೆಯೇ ಇದೂ. ಮೆಟ್ಟುಗಾಲು ಹಕ್ಕಿ ಉದ್ದನೆಯ ಕೆಂಪು ಕಾಲಿಟ್ಟುಕೊಂಡು ಪಾದ ಮುಳುಗುವಷ್ಟು ನೀರಿನಲ್ಲಿ ನಡೆಯುತ್ತದೆ, ಸೀರೆಯ ನಿರಿಗೆ ಎತ್ತಿಕೊಂಡು ಹಳ್ಳ ದಾಟುವವರ ಹಾಗೆ. ಸೂಜಿಬಾಲದ ಬಾತು ತಲೆಯನ್ನು ನೀರೊಳಗೆ ಇಳಿಬಿಟ್ಟು ಹಿಂಭಾಗವನ್ನು ಆಕಾಶಕ್ಕೆ ಎತ್ತುತ್ತದೆ. ಅದು ಮುಳುಗುವ ಹಕ್ಕಿಯಲ್ಲ. ಕತ್ತು ಎಷ್ಟು ಉದ್ದವೋ ಅಷ್ಟೇ ಆಳದ ಊಟ ಅದಕ್ಕೆ. ಸಲಿಕೆಯಂಥ ಕೊಕ್ಕಿನ ಬಾತುಗಳಂತೂ ಹತ್ತಿಪ್ಪತ್ತು ಸೇರಿ ಒಂದರ ಹಿಂದೆ ಒಂದು ಗಾಣದ ಎತ್ತಿನಂತೆ ಸುತ್ತುತ್ತವೆ. ಕಾಲಿನಿಂದ ಕೆಳಗಿನ ನೀರನ್ನು ಕದಡಿ, ಮೇಲೆ ಬಂದ ಹುಳುಹುಪ್ಪಟೆಯನ್ನು ಕೊಕ್ಕಿನಲ್ಲಿ ಸೋಸಿಕೊಳ್ಳುತ್ತವೆ. ಒಮ್ಮೆ ಅದನ್ನು ನೋಡುತ್ತಾ ನಿಂತು ಒಂದು ಟೆಲಿಗ್ರಾಂ ತಲುಪಿಸುವುದು ಅರ್ಧ ತಾಸು ತಡವಾಗಿತ್ತು. ಪುಣ್ಯಕ್ಕೆ ಅದು ಗಂಡು ಮಗು ಹುಟ್ಟಿದ ಸುದ್ದಿ. ಯಾರೂ ಬೈಯಲಿಲ್ಲ.

ಇನ್ನು ಹೆಬ್ಬಾತು. ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಎರಡು ಕರಿ ಪಟ್ಟೆ. ದೀಪಾವಳಿ ಕಳೆದ ಮೇಲೆ ಬಂದು, ಹೋಳಿ ಹುಣ್ಣಿಮೆ ಹೊತ್ತಿಗೆ ಹೊರಡುತ್ತವೆ. ಮಂಗೋಲಿಯಾ, ಟಿಬೆಟ್ ಕಡೆ ಮೊಟ್ಟೆಯಿಟ್ಟು ಮರಿ ಮಾಡುವ ಇವು ಹಿಮಾಲಯ ದಾಟಿ ನಮ್ಮಲ್ಲಿಗೆ ಬರುತ್ತವೆ. ಬೆನ್ನಿಗೆ ಯಂತ್ರ ಕಟ್ಟಿ ನೋಡಿದಾಗ 7,000 ಮೀಟರಿಗಿಂತ ಮೇಲೆ ಹಾರಿದ್ದೂ ದಾಖಲಾಗಿದೆ. ಅಷ್ಟು ದೂರದಿಂದ ಬಂದದ್ದು ಹಗಲೆಲ್ಲ ಮಾಡುವುದೇನು? ಕೆರೆಯ ಅಂಚಿನ ಕೆಸರಿನಲ್ಲಿ ಒಂಟಿಕಾಲಿನಲ್ಲಿ ನಿಂತು ನಿದ್ದೆ. ಒಂದೆರಡು ಮಾತ್ರ ಕತ್ತು ನೆಟ್ಟಗೆ ಮಾಡಿಕೊಂಡು ಕಾವಲು. ರಾತ್ರಿ ಹೊಲಕ್ಕೆ ಮೇಯಲು ಹೋಗುತ್ತವೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ, ಅದು ನಮ್ಮ ಮನೆಯ ಜಗಳ.

ಈಗ ಹೂಳಿನ ಕಥೆ. ನಮ್ಮೂರ ಕೆರೆ ದೊಡ್ಡದೇನಲ್ಲ. ಏರಿ ಕಡೆ ಆಳ, ಅಂಗಳದ ಕಡೆ ಹೋಗುತ್ತಾ ಹೋಗುತ್ತಾ ತೆಳು. ಎಲ್ಲ ಕೆರೆಯೂ ಹಾಗೇ ಅಲ್ವಾ? ನೀರು ಯಾವ ಕಡೆಯಿಂದ ಬರುತ್ತದೋ ಆ ಕಡೆ ಮೊಣಕಾಲುದ್ದ, ಆಮೇಲೆ ಪಾದ ಮುಳುಗುವಷ್ಟು, ಆಮೇಲೆ ಬರೀ ಹಸಿ ಮಣ್ಣು, ಆಮೇಲೆ ಹುಲ್ಲು. ಕಾರ್ತಿಕದಿಂದ ಶಿವರಾತ್ರಿವರೆಗೆ ನೀರು ದಿನಕ್ಕೊಂದಿಷ್ಟು ಹಿಂದೆ ಸರಿಯುತ್ತದೆ. ಸರಿದಂತೆಲ್ಲ ಹೊಸ ಕೆಸರು ತೆರೆದುಕೊಳ್ಳುತ್ತದೆ. ಹಕ್ಕಿಗಳಿಗೆ ದಿನವೂ ಹೊಸ ಎಲೆ ಹಾಕಿ ಬಡಿಸಿದ ಹಾಗೆ. ನಾನು ನೋಡಿದ ನೂರು ಹಕ್ಕಿಯಲ್ಲಿ ತೊಂಬತ್ತು ಇದ್ದದ್ದು ಈ ಅಂಚಿನಲ್ಲೇ. ನಡು ಕೆರೆಯ ಆಳದಲ್ಲಿ ನೀರುಕಾಗೆ ಬಿಟ್ಟರೆ ಅಷ್ಟೇನೂ ಇರುತ್ತಿರಲಿಲ್ಲ.

ಹಿಂದೆ ಬೇಸಿಗೆಯಲ್ಲಿ ರೈತರೇ ಚಕ್ಕಡಿ ಹೂಡಿಕೊಂಡು ಬಂದು ಹೂಳು ಒಯ್ಯುತ್ತಿದ್ದರು. ತೂಬಿನ ಮುಂದೆ, ಏರಿಯ ಬುಡದಲ್ಲಿ ತೋಡುತ್ತಿದ್ದರು. ಒಳ್ಳೆಯ ಹೂಳು ಇರುವುದೂ ಅಲ್ಲೇ. ಹೊಲಕ್ಕೆ ಹಾಕಿದರೆ ಎರಡು ಬೆಳೆಗೆ ಗೊಬ್ಬರ ಬೇಡ. ಹಿಂದಿನ ಸಲ ಬಂದದ್ದು ಜೆಸಿಬಿ. ಗುತ್ತಿಗೆ ಹಿಡಿದವರಿಗೆ ಎಷ್ಟು ಮಣ್ಣು ತೆಗೆದರು ಎಂಬುದರ ಮೇಲೆ ದುಡ್ಡು. ಏರಿಯ ಬುಡದಲ್ಲಿ ಇನ್ನೂ ಕೆಸರಿತ್ತು, ಯಂತ್ರ ಹೂತುಹೋಗುತ್ತದೆ ಎಂದರು. ಒಣಗಿದ್ದ ಅಂಗಳಕ್ಕೇ ಕೈ ಹಾಕಿದರು. ಹದಿನೈದು ದಿನದಲ್ಲಿ ಆ ಇಳಿಜಾರು ಪೂರ್ತಿ ಹೋಗಿ, ಆಳುದ್ದದ ನೆಟ್ಟನೆ ಗೋಡೆ ನಿಂತಿತು. ನೋಡಲು ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಕೆರೆಯಲ್ಲ, ಬಾವಿ ಕಟ್ಟಿದ ಹಾಗೆ. ಬೋರ್ಡು ಹಾಕಿ ಫೋಟೊ ತೆಗೆಸಿಕೊಂಡರು.

ಮಳೆ ಬಂತು, ಕೆರೆ ತುಂಬಿತು. ಮೊದಲ ತಿಂಗಳೇ ಎರಡು ಎಮ್ಮೆ ಆ ಗೋಡೆಯಿಂದ ಜಾರಿಬಿದ್ದವು. ಒಂದನ್ನು ಹಗ್ಗ ಕಟ್ಟಿ ಎಳೆದರು, ಇನ್ನೊಂದು ಸತ್ತಿತು. ಸಂಬಂಧಪಟ್ಟ ಕಚೇರಿಗೆ ಅರ್ಜಿ ಬರೆದವನು ನಾನೇ. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹಾಕಿದ್ದೆ, ತಲುಪಿದ ಚೀಟಿ ನನ್ನ ಬಳಿ ಇದೆ. ಉತ್ತರ ಮಾತ್ರ ಇನ್ನೂ ದಾರಿಯಲ್ಲಿದೆ. ಆ ಚಳಿಗಾಲ ಹೆಬ್ಬಾತು ಬಂದವು. ಕೆರೆಯ ಮೇಲೆ ಎರಡು ಸುತ್ತು ಹಾಕಿದವು. ಇಳಿಯಲು ಜಾಗ ಇರಲಿಲ್ಲ. ಕೂಗುತ್ತಾ ಬಡಗಣ ದಿಕ್ಕಿಗೆ ಹೋದವು. ಮೆಟ್ಟುಗಾಲು ಹಕ್ಕಿ, ಗದ್ದೆಗೊರವ, ಸೂಜಿಬಾಲದ ಬಾತು ಯಾವುದೂ ಆಮೇಲೆ ನಮ್ಮ ಕೆರೆಯಲ್ಲಿ ನಿಲ್ಲಲಿಲ್ಲ. ನೀರು ಮೊದಲಿಗಿಂತ ಜಾಸ್ತಿ ಇದೆ. ಹಕ್ಕಿ ಇಲ್ಲ.

ಇದನ್ನು ಹೇಳಿದಾಗ ಊರಲ್ಲಿ ಒಬ್ಬರು ಕೇಳಿದರು: "ಹಕ್ಕಿಗೆ ಬೋನಾಳ ಇದೆಯಲ್ಲ ಮಾರಾಯ, ನಮ್ಮೂರ ಕೆರೆಯೇ ಬೇಕಾ?" ಪ್ರಶ್ನೆ ಸರಿಯಾದದ್ದೇ. ಸುರಪುರದ ದೊರೆ ಪಾಮನಾಯಕ 17ನೆಯ ಶತಮಾನದಲ್ಲಿ ಕಟ್ಟಿಸಿದ ಬೋನಾಳ ಕೆರೆ ಇವತ್ತು ಪಕ್ಷಿಧಾಮ. 1840ರ ದಶಕದಲ್ಲಿ ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸಾಹೇಬರು ಆ ಕೆರೆಯನ್ನು ಸುಧಾರಿಸಿದರು. ರಂಗನತಿಟ್ಟು ಬಿಟ್ಟರೆ ರಾಜ್ಯದಲ್ಲಿ ದೊಡ್ಡ ಪಕ್ಷಿಧಾಮ ನಮ್ಮದೇ ಎಂದು ನಾವು ಹೆಮ್ಮೆಪಡುತ್ತೇವೆ. ಆದರೆ ಹಕ್ಕಿಗೆ ಪಕ್ಷಿಧಾಮದ ಗಡಿ ಕಲ್ಲು ಓದಲು ಬರುವುದಿಲ್ಲ. ಇವತ್ತು ಬೋನಾಳದಲ್ಲಿ ನೀರು ಹೆಚ್ಚಾಗಿ ಅಂಚು ಮುಳುಗಿದರೆ, ನಾಳೆ ಸಣ್ಣ ಕೆರೆಗೆ ಬರುತ್ತವೆ. ಇಲ್ಲಿ ಕೆಸರು ಒಣಗಿದರೆ ಇನ್ನೊಂದಕ್ಕೆ. ನನ್ನ ನಾಲ್ಕು ಕೆರೆಗಳಲ್ಲೇ ಈ ಓಡಾಟ ನೋಡಿದ್ದೇನೆ. ಸೋಮವಾರ ಒಂದರಲ್ಲಿದ್ದ ಹಿಂಡು ಗುರುವಾರ ಇನ್ನೊಂದರಲ್ಲಿ. ದೊಡ್ಡ ಪೋಸ್ಟ್ ಆಫೀಸ್ ಒಂದಿದೆ ಎಂದು ಹಳ್ಳಿಯ ಶಾಖೆಗಳನ್ನೆಲ್ಲ ಮುಚ್ಚಿದರೆ ಕಾಗದ ತಲುಪುತ್ತದೆಯೇ?

ಈ ಮಾತನ್ನು ನಾನು ಹೇಳಿದರೆ ಯಾರು ಕೇಳುತ್ತಾರೆ. ಆದರೆ ಇದೇ ಪಾಠವನ್ನು ಅಮೆರಿಕ ಮತ್ತು ಕೆನಡಾದವರು ದುಡ್ಡು ಖರ್ಚು ಮಾಡಿ ಕಲಿತಿದ್ದಾರೆ. ನನಗೆ ಅದು ಗೊತ್ತಾದದ್ದು ಒಂದು ಅಂಚೆಚೀಟಿಯಿಂದ. ಕಲಬುರಗಿಯಲ್ಲಿ ಓದುವ ನನ್ನ ಮೊಮ್ಮಗಳಿಗೆ ಸ್ಟಾಂಪ್ ಜಮಾಯಿಸುವ ಹುಚ್ಚು. ಹುಚ್ಚು ಹತ್ತಿಸಿದವನು ನಾನೇ. ಒಂದು ದಿನ ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಎರಡು ಬಾತು ನೀರಿಗೆ ಇಳಿಯುತ್ತಿವೆ, ಬೆಲೆ ಒಂದು ಡಾಲರ್, ವರ್ಷ 1934. "ಒಂದು ಡಾಲರಿಗೆ ಕಾಗದ ಎಲ್ಲಿಯವರೆಗೆ ಹೋಗುತ್ತಿತ್ತು ಅಜ್ಜ?" ಎಂದಳು. ಅದು ಕಾಗದಕ್ಕೆ ಅಂಟಿಸುವ ಚೀಟಿಯೇ ಅಲ್ಲವಂತೆ. ಅಂಟಿಸಿದರೆ ಕಾಗದ ಹೋಗುವುದೇ ಇಲ್ಲ! 38 ವರ್ಷ ಸ್ಟಾಂಪಿನ ಅನ್ನ ಉಂಡವನಿಗೆ ಇದು ಸಣ್ಣ ಅವಮಾನವಾಯಿತು.

ಚೀಟಿ ಅಮೆರಿಕದ್ದು. ಅಲ್ಲಿ ಪ್ರೇರಿ ಎಂಬ ಬಯಲು ಸೀಮೆ ಇದೆ. ನಮ್ಮ ಎರಿ ನೆಲದ ಹಾಗೆ ಮರ ಕಡಿಮೆ, ಆಕಾಶ ಜಾಸ್ತಿ. ಡಕೋಟಾ, ಮಿನ್ನೆಸೋಟ, ಅಯೋವಾ, ಆ ಕಡೆ ಕೆನಡಾದ ಸಸ್ಕಾಚೆವಾನ್, ಮ್ಯಾನಿಟೋಬಾವರೆಗೆ ಹಬ್ಬಿದೆ. ಸಾವಿರಾರು ವರ್ಷಗಳ ಹಿಂದೆ ಹಿಮಗಡ್ಡೆ ಕರಗಿ ಸರಿದಾಗ ನೆಲದಲ್ಲಿ ಲಕ್ಷಗಟ್ಟಲೆ ತಗ್ಗು ಉಳಿದವು. ಮಳೆ, ಹಿಮದ ನೀರು ನಿಂತು ಅವೇ ಸಣ್ಣ ಸಣ್ಣ ಹೊಂಡಗಳಾದವು. ಕೆಲವು ಬೇಸಿಗೆಗೆ ಒಣಗುತ್ತವೆ, ಕೆಲವು ವರ್ಷವಿಡೀ ಇರುತ್ತವೆ. ಉತ್ತರ ಅಮೆರಿಕದ ಬಾತುಗಳಲ್ಲಿ ಅರ್ಧದಷ್ಟು ಹುಟ್ಟುವುದು ಈ ಹೊಂಡಗಳ ಸುತ್ತಲೇ. ದೊಡ್ಡ ಸರೋವರದಲ್ಲಿ ಅಲ್ಲ, ಹೊಲದ ನಡುವಿನ ಗುಂಡಿಯಲ್ಲಿ! ಸೂಜಿಬಾಲದ ಬಾತು ಅಲ್ಲಿಯೂ ಉಂಟು. ನಮಗೆ ಬರುವವು ಸೈಬೀರಿಯಾ, ಮಧ್ಯ ಏಷ್ಯಾದ ಕಡೆಯಿಂದ. ಜಾತಿ ಒಂದೇ, ದಾರಿ ಬೇರೆ.

ಅಲ್ಲಿಯ ರೈತರೂ ನಮ್ಮವರಂತೆಯೇ. ಹೊಲದ ನಡುವೆ ನೀರು ನಿಂತರೆ ಯಾರಿಗೆ ಇಷ್ಟ? ಕಾಲುವೆ ತೋಡಿ ನೀರು ಹರಿಸಿ, ಗುಂಡಿ ಮುಚ್ಚಿ ಉತ್ತುಬಿಟ್ಟರು. ಅಯೋವಾದಲ್ಲಿ ಇಂಥ ಜಾಗದ ಶೇ 90ಕ್ಕಿಂತ ಜಾಸ್ತಿ ಹೋಯಿತು. 1930ರ ದಶಕದಲ್ಲಿ ಭೀಕರ ಬರ ಬಂದು ಬಾತುಗಳ ಸಂಖ್ಯೆ ಕುಸಿದಾಗ ಕಣ್ಣು ತೆರೆದರು. ಆಗ ಬಂದದ್ದು ಈ ಚೀಟಿ. ಬಾತು ಬೇಟೆಯಾಡುವವರು ವರ್ಷಕ್ಕೊಂದು ಕೊಳ್ಳಲೇಬೇಕು, ಆ ದುಡ್ಡು ಬಾತಿನ ಜಾಗ ಉಳಿಸಲು. ಸಂಪಾದಕರಿಗೆ ಒಂದು ವಿಷಯ ಹೇಳಿದರೆ ಖುಷಿಯಾದೀತು. ಆ ಮೊದಲ ಚೀಟಿಯ ಚಿತ್ರ ಬರೆದವರು ನಿಮ್ಮ ಕಸುಬಿನವರೇ. ಅಯೋವಾದ ಪತ್ರಿಕೆಯೊಂದರ ವ್ಯಂಗ್ಯಚಿತ್ರಕಾರ, ಡಿಂಗ್ ಡಾರ್ಲಿಂಗ್ ಎಂದು. ಇವತ್ತು ಆ ಚೀಟಿಗೆ 25 ಡಾಲರ್. ಅದರಿಂದ ಈವರೆಗೆ 60 ಲಕ್ಷ ಎಕರೆಗೂ ಹೆಚ್ಚು ಜಾಗ ಉಳಿದಿದೆ.

ಬೇಟೆಯ ದುಡ್ಡಿನಿಂದ ಹಕ್ಕಿ ಉಳಿಸುವುದು ನನಗೇನೂ ರುಚಿಸಲಿಲ್ಲ. ನಮ್ಮಲ್ಲಿ ಬೇಟೆ ನಿಷೇಧ, ಅದೇ ಸರಿ. ಆದರೆ 1958ರಲ್ಲಿ ಅವರು ಮಾಡಿದ ಇನ್ನೊಂದು ಕೆಲಸ ನನ್ನ ತಲೆಯಿಂದ ಹೋಗುತ್ತಿಲ್ಲ. ಚೀಟಿಯ ದುಡ್ಡಿನಲ್ಲಿ ಸಣ್ಣ ಹೊಂಡಗಳನ್ನೂ ಕಾಯಬಹುದು ಎಂದು ಕಾನೂನು ತಿದ್ದಿದರು. ಜಮೀನು ರೈತನದ್ದೇ. ಅವನು ದನ ಮೇಯಿಸಬಹುದು. ಹೊಂಡ ತಾನಾಗಿ ಒಣಗಿದ ವರ್ಷ ಬಿತ್ತಲೂಬಹುದು. ಆದರೆ ನೀರು ಹರಿಸಿ ಬರಿದು ಮಾಡುವಂತಿಲ್ಲ, ಮುಚ್ಚುವಂತಿಲ್ಲ, ಸುಡುವಂತಿಲ್ಲ. ಈ ಮಾತಿಗೆ ಒಪ್ಪಿ ಸಹಿ ಹಾಕಿದರೆ ಅವನಿಗೆ ಒಂದೇ ಗಂಟಿನಲ್ಲಿ ದುಡ್ಡು. ಬೈದು, ನೋಟಿಸು ಕೊಟ್ಟು ಮಾಡಿದ್ದಲ್ಲ. ಲೆಕ್ಕ ಹಾಕಿ ಕೊಟ್ಟದ್ದು.

ಇಲ್ಲಿಗೆ ನಮ್ಮ ಮನೆಯ ಜಗಳ ಬಂತು. ನಮ್ಮ ಹೊಲ ಕೆರೆಗೆ ಹತ್ತಿಕೊಂಡೇ ಇದೆ. ನನ್ನ ಅಣ್ಣ ಬದು ಸರಿಸುತ್ತಾ ಸರಿಸುತ್ತಾ ಕೆರೆ ಅಂಗಳದಲ್ಲಿ 20 ಗುಂಟೆಯಷ್ಟು ಉತ್ತಿದ್ದಾನೆ. ಹೇಳಲು ನಾಚಿಕೆ, ಆದರೆ ಬರೆಯದಿದ್ದರೆ ಈ ಪತ್ರಕ್ಕೆ ಅರ್ಥವಿಲ್ಲ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಈ ಭಾಗದಲ್ಲಿ ಜೋಳ ಸರಿದು ಭತ್ತ ಬಂತು. ಅಂಗೈ ಅಗಲದ ನೆಲಕ್ಕೂ ಬೆಲೆ ಬಂತು. ಆ 20 ಗುಂಟೆ ಸರ್ಕಾರದ್ದು, ಅದನ್ನು ಬಿಡಲು ದುಡ್ಡು ಕೇಳಿದರೆ ನಾಲಿಗೆ ಸುಡಬೇಕು. ಬಿಡಿಸಲಿ, ನಾನೇ ಅಳತೆಯ ಸರಪಳಿ ಹಿಡಿಯುತ್ತೇನೆ.

ಆದರೆ ಅದರಾಚೆ ನಮ್ಮ ಪಟ್ಟಾ ಜಮೀನಿದೆ. ಅಲ್ಲಿ ಶೇಂಗಾ, ಕಡಲೆ. ಕೆರೆ ಚೆನ್ನಾಗಿದ್ದ ವರ್ಷಗಳಲ್ಲಿ ರಾತ್ರಿ ಹೆಬ್ಬಾತು ಇಳಿದು ಕಡಲೆಯ ಚಿಗುರನ್ನು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಮೇಯ್ದು ಹೋಗುತ್ತಿದ್ದವು. ಬೆಳಿಗ್ಗೆ ನೋಡಿದರೆ ಸಾಲಿನ ತುಂಬ ಹಿಕ್ಕೆ. ಅಣ್ಣ ಪಟಾಕಿ ಹೊಡೆಯುತ್ತಿದ್ದ. ನಾನೂ ಒಂದು ವರ್ಷ ಅವನ ಜೊತೆ ರಾತ್ರಿಯಿಡೀ ತಗಡು ಬಡಿದಿದ್ದೇನೆ, ಬೆಳಿಗ್ಗೆ ಎದ್ದು ಏರಿಯ ಮೇಲೆ ಅದೇ ಹಕ್ಕಿಯನ್ನು ಎಣಿಸಿದ್ದೇನೆ. ಅಂಗಳ ಅಗೆದ ಮೇಲೆ ಹೆಬ್ಬಾತು ಬರುವುದು ನಿಂತಿತಲ್ಲ, ಅಣ್ಣ ನೆಮ್ಮದಿಯಾಗಿದ್ದಾನೆ. ಅವನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಮಂಗೋಲಿಯಾದ ಅತಿಥಿಯ ಊಟದ ಖರ್ಚು ಒಬ್ಬನೇ ರೈತನ ಲೆಕ್ಕಕ್ಕೆ ಯಾಕೆ ಬರೆಯಬೇಕು? ಜೆಸಿಬಿಗೆ ಮಣ್ಣಿನ ಲೆಕ್ಕದಲ್ಲಿ ಕೊಡುವ ದುಡ್ಡಿನಲ್ಲಿ ಒಂದಷ್ಟು ತೆಗೆದಿಟ್ಟು, ಕೆರೆಗೆ ಹತ್ತಿದ ಹೊಲದವರಿಗೆ ಚಳಿಗಾಲದಲ್ಲಿ ಹಕ್ಕಿ ಮೇಯ್ದ ನಷ್ಟ ತುಂಬಿಕೊಡಿ. ಅಣ್ಣನಂಥವರೇ ನಾಳೆ ಕೆರೆ ಕಾಯುತ್ತಾರೆ.

ಆಗದ ಮಾತೇನಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಯೂ ರೈತರ ಹೊಲಗಳ ನಡುವಿನ ಕೆರೆಯೇ. ಅಲ್ಲಿ ಸಾವಿರಗಟ್ಟಲೆ ಹೆಬ್ಬಾತು ಇಳಿಯುತ್ತವೆ. 2024ರಲ್ಲಿ ಅದು ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ನಮ್ಮ ಯಾದಗಿರಿಯ ಕೆರೆ ಒಂದೂ ಆ ಪಟ್ಟಿಯಲ್ಲಿಲ್ಲ. ಪಟ್ಟಿ ಸೇರದಿದ್ದರೂ ಪರವಾಗಿಲ್ಲ, ಇರುವುದನ್ನು ಅಗೆಯದಿದ್ದರೆ ಸಾಕು.

ಹೂಳೆತ್ತುವ ಅಧಿಕಾರಿಗಳಲ್ಲಿ ನಾನು ಕೇಳುವುದು ಹೆಚ್ಚೇನಿಲ್ಲ. ಏರಿಯ ಕಡೆ, ತೂಬಿನ ಮುಂದೆ ಎಷ್ಟು ಬೇಕಾದರೂ ತೋಡಿ. ನೀರು ಬರುವ ಕಡೆಯ ಇಳಿಜಾರಿಗೆ ಯಂತ್ರ ಇಳಿಸಬೇಡಿ. ಕೆಲಸ ಶುರುವಾಗುವ ಮುಂಚೆ ಊರಿನ ನೀರುಗಂಟಿಯನ್ನೋ ಕುರಿ ಮೇಯಿಸುವವರನ್ನೋ ಕರೆದುಕೊಂಡು ಒಮ್ಮೆ ಸುತ್ತು ಹಾಕಿ, ಇಲ್ಲಿಂದ ಆಚೆ ಅಗೆಯುವಂತಿಲ್ಲ ಎಂದು ಸುಣ್ಣದ ಗೆರೆ ಎಳೆಯಿರಿ. ಸುಣ್ಣ ನಾನು ತರುತ್ತೇನೆ. ನಮ್ಮೂರ ಕೆರೆಯ ಆ ಗೋಡೆಯನ್ನು ಒಂದು ಕಡೆಯಾದರೂ ಒಡೆದು ಇಳಿಜಾರು ಮಾಡಿಕೊಡಿ. ಹಕ್ಕಿಗಾಗಿ ಬೇಡವಾದರೆ ಎಮ್ಮೆಗಾಗಿ ಮಾಡಿ.

ನಾನು ಕೆಲಸಕ್ಕೆ ಸೇರಿದ ಮರುವರ್ಷ, 1983ರಲ್ಲಿ, ನಮ್ಮ ಇಲಾಖೆ ಸೈಬೀರಿಯಾದ ಬಿಳಿ ಕೊಕ್ಕರೆಯ ಅಂಚೆಚೀಟಿ ತಂದಿತ್ತು. ರಾಜಸ್ಥಾನದ ಭರತಪುರಕ್ಕೆ ಚಳಿಗಾಲದಲ್ಲಿ ಬರುತ್ತಿದ್ದ ಕೊಕ್ಕರೆ. 2002ರ ನಂತರ ಅದು ಭಾರತಕ್ಕೆ ಬಂದಿಲ್ಲ. ಚೀಟಿ ನನ್ನ ಮೊಮ್ಮಗಳ ಆಲ್ಬಮ್ಮಿನಲ್ಲಿದೆ.

ಕಳೆದ ಎಳ್ಳಮಾಸಿಗೆ ಎಲ್ಲರೂ ಹೊಲಕ್ಕೆ ಹೋಗಿದ್ದೆವು. ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ ಕಟ್ಟಿಕೊಂಡು, ಹೊಲದ ಸುತ್ತ ಚರಗ ಚೆಲ್ಲಿ ಊಟಕ್ಕೆ ಕೂತಾಗ ಮೇಲೆ ಕೂಗು ಕೇಳಿಸಿತು. ಹದಿನೇಳು ಹೆಬ್ಬಾತು, ಗೆರೆ ಎಳೆದ ಹಾಗೆ. ನಮ್ಮ ಕೆರೆಯ ಮೇಲೆ ಬಂದು, ಸ್ವಲ್ಪ ಕೆಳಗಾಗಿ, ಮತ್ತೆ ಮೇಲೇರಿ ಹೋದವು. ಅಣ್ಣ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಮೇಲೆ ನೋಡಿದ. "ವಿಳಾಸ ತಪ್ಪಿರಬೇಕು" ಎಂದ. ಅಂಚೆಯವನ ಮುಂದೆ ಹೇಳುವ ಮಾತೇ ಅದು! ವಿಳಾಸ ಸರಿಯಾಗಿಯೇ ಇತ್ತು, ಮನೆ ಕೆಡವಿದವರು ನಾವು ಎಂದೆ. ಅವನು ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಅಳತೆಯವರು ಬರುವ ಮುಂಚೆ ಆ 20 ಗುಂಟೆಯಲ್ಲಿ ಈ ಸಲದ ಕಡಲೆಯನ್ನಾದರೂ ಕಿತ್ತುಕೊಳ್ಳಬಹುದಾ ಎಂದು ಕೇಳಿದ. ಅಷ್ಟಕ್ಕೆ ಬಂದಿದ್ದಾನೆ.

ಈ ಪತ್ರದ ಲಕೋಟೆಯ ಮೇಲೆ ಎರಡು ಚೀಟಿ ಇವೆ. ಬಲಗಡೆಯದು ಅಸಲಿ. ಎಡಗಡೆಯದು ಮೊಮ್ಮಗಳು ಬಣ್ಣದ ಪೆನ್ಸಿಲ್ಲಿನಲ್ಲಿ ಬರೆದದ್ದು: ನಮ್ಮೂರ ಕೆರೆ, ಅಂಚಿನಲ್ಲಿ ಒಂಟಿಕಾಲಿನ ಹೆಬ್ಬಾತು, ಬೆಲೆ 10 ರೂಪಾಯಿ. ಅದನ್ನು ಅಂಟಿಸುವುದು ನಿಯಮಕ್ಕೆ ವಿರುದ್ಧ ಎಂದು ಹೇಳಿದೆ, ಕೇಳಲಿಲ್ಲ. ನಮ್ಮ ಶಾಖೆಯ ಹುಡುಗ ಅದರ ಮೇಲೂ ಠಸ್ಸೆ ಹೊಡೆದಿದ್ದಾನೆ, ದಯವಿಟ್ಟು ಅವನ ಮೇಲೆ ದೂರು ಬರೆಯಬೇಡಿ.

ಇಂತಿ,
ಒಬ್ಬ ನಿವೃತ್ತ ಅಂಚೆಯವ
ಸುರಪುರ ತಾಲ್ಲೂಕು, ಯಾದಗಿರಿ ಜಿಲ್ಲೆ